ವಾಲಿದ ಬೋಟ್ ತಡವಾಗಿ ಎದ್ದರೆ: ಟ್ರಾಲರ್ ಯಾಟ್‌ನಲ್ಲಿ ದೋಷ ಹುಡುಕುವ ಬಗೆ

"ಈಗ ನಮ್ಮ ಬೋಟ್ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ ನೋಡಿ, ಮೊದಲಿನ ಕುಲುಕಾಟ ಇಲ್ಲವೇ ಇಲ್ಲ." ಮೇಲಿನ ಡೆಕ್ಕಿಗೆ ಹೊಸ ಹಾರ್ಡ್‌ಟಾಪ್ (ಗಟ್ಟಿ ಚಾವಣಿ) ಹಾಕಿಸಿದ್ದ ಮಾಲೀಕರೊಬ್ಬರು ಖುಷಿಯಿಂದ ಹೇಳಿದ ಮಾತಿದು. ಕೇಳಿ ನನ್ನ ಎದೆ ಧಸಕ್ ಎಂದಿತು.

ಮೋಟಾರ್ ಯಾಟ್ (ವಿಹಾರದ ಎಂಜಿನ್ ಬೋಟ್), ಟ್ರಾಲರ್ ಯಾಟ್ (ಮೀನುಗಾರಿಕೆ ಟ್ರಾಲರ್ ಮಾದರಿಯ ವಿಹಾರ ಬೋಟ್) ಓಡಿಸುವ ಹೆಚ್ಚಿನವರು ಚುರುಕಾದ ಓಲಾಟಕ್ಕೆ ಹೆದರುತ್ತಾರೆ. ಲೋಟ ಉರುಳುತ್ತದೆ, ಹೊಟ್ಟೆ ತೊಳಸುತ್ತದೆ, ನಿಂತವರು ಮುಗ್ಗರಿಸುತ್ತಾರೆ. ಆದರೆ ಹಾಗೆ ಪಟ್ಟನೆ ಏಳುವ ಬೋಟಿಗೆ ಏಳುವ ಶಕ್ತಿ ಇದೆ. ಹೆದರಬೇಕಾದದ್ದು ಇನ್ನೊಂದಕ್ಕೆ. ವಾಲಿದ ಕಡೆಯೇ ಒಂದು ಕ್ಷಣ ನಿಂತು, ಏಳಲೋ ಬೇಡವೋ ಅನ್ನುವಂತೆ ನಿಧಾನಕ್ಕೆ ಏಳುವ ಬೋಟಿಗೆ. ಅದರಲ್ಲೂ ಹೋದ ವರ್ಷ ಚುರುಕಾಗಿ ಏಳುತ್ತಿದ್ದ ಬೋಟ್ ಈ ವರ್ಷ ನಿಧಾನವಾಗಿದ್ದರೆ, ಎಲ್ಲೋ ಏನೋ ಬದಲಾಗಿದೆ ಅಂತಲೇ ಅರ್ಥ. ಅದನ್ನು ಹುಡುಕುವುದು ಹೇಗೆ ಅಂತ ನಾನು ಮಾಡುವ ಕ್ರಮದಲ್ಲೇ ಬರೆಯುತ್ತೇನೆ. ಹಳೇ ಬೋಟ್ ಕೊಳ್ಳುವ ಮುಂಚೆ ಪರೀಕ್ಷೆ ಮಾಡುವವರಿಗೂ ಇದೇ ಕ್ರಮ ಸಾಕು.

ಮೊದಲ ಕೆಲಸ: ಓಲಾಟಕ್ಕೆ ಗಡಿಯಾರ ಹಿಡಿಯುವುದು

ಬೇಕಾದದ್ದು ಒಂದು ಸ್ಟಾಪ್‌ವಾಚ್, ಗಾಳಿ ಇಲ್ಲದ ಒಂದು ಬೆಳಗ್ಗೆ, ಇಬ್ಬರು ಮೂವರು ಜನ. ಬೋಟ್ ಕಟ್ಟಿದ ಹಗ್ಗಗಳನ್ನೆಲ್ಲ ಚೆನ್ನಾಗಿ ಸಡಿಲ ಬಿಡಿ. ಪಕ್ಕಕ್ಕೆ ತೂಗುಬಿಟ್ಟ ಫೆಂಡರ್‌ಗಳು (ಉಜ್ಜದಂತೆ ತಡೆಯುವ ಮೆತ್ತೆಗಳು) ಕಟ್ಟೆಗೆ ಒತ್ತದಂತೆ ಬೋಟನ್ನು ದೂರ ತಳ್ಳಿ. ಅಡಿಯಲ್ಲಿ ನೀರು ಸಾಕಷ್ಟು ಆಳ ಇರಬೇಕು, ತಳ ನೆಲದ ಹತ್ತಿರ ಇದ್ದರೆ ಲೆಕ್ಕ ತಪ್ಪುತ್ತದೆ. ಸ್ಟೆಬಿಲೈಸರ್ ರೆಕ್ಕೆ ಇದ್ದರೆ ನಡುವಿಗೆ ಲಾಕ್ ಮಾಡಿ. ಗೈರೋ ಇದ್ದರೆ ಅದರ ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ. ನೀರಿಗೆ ಇಳಿಬಿಡುವ ಪ್ಯಾರವೇನ್ ಇದ್ದರೆ ಮೇಲೆತ್ತಿ. ಇವು ಓಲಾಟವನ್ನು ಅದುಮುತ್ತವೆ, ಆದರೆ ಬೋಟ್ ತಾನಾಗಿ ನೆಟ್ಟಗೆ ನಿಲ್ಲುವ ಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಎಷ್ಟೋ ಬೋಟುಗಳಲ್ಲಿ ದೋಷ ವರ್ಷಗಟ್ಟಲೆ ಅಡಗಿರುವುದು ಒಳ್ಳೆ ಸ್ಟೆಬಿಲೈಸರ್‌ನ ಹಿಂದೆಯೇ.

ಈಗ ಒಬ್ಬರು ಅಂಚಿನಲ್ಲಿ ನಿಂತು ಲಯಬದ್ಧವಾಗಿ ಭಾರ ಹಾಕಿ ತೆಗೆಯಲಿ. ಬೋಟ್ ಎರಡು ಮೂರು ಡಿಗ್ರಿ ಓಲಾಡಲು ಶುರುವಾದ ಮೇಲೆ ಎಲ್ಲರೂ ನಡುವಿಗೆ ಬಂದು ಅಲುಗಾಡದೆ ನಿಲ್ಲಲಿ. ಬಲಕ್ಕೆ ಪೂರ್ತಿ ವಾಲಿದ ಕ್ಷಣದಲ್ಲಿ ಗಡಿಯಾರ ಒತ್ತಿ. ಬಲದಿಂದ ಎಡಕ್ಕೆ ಹೋಗಿ ಮತ್ತೆ ಬಲಕ್ಕೆ ಬಂದರೆ ಒಂದು. ಹೀಗೆ ಕನಿಷ್ಠ ಐದು ಎಣಿಸಿ, ಒಟ್ಟು ಸಮಯವನ್ನು ಐದರಿಂದ ಭಾಗಿಸಿ. ಇದನ್ನೇ ಮೂರು ಸಲ ಮಾಡಿ. ಹೊಸಬರು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಹೋದದ್ದನ್ನೇ ಒಂದು ಅಂತ ಎಣಿಸಿಬಿಡುತ್ತಾರೆ. ಆಗ ಸಮಯ ಅರ್ಧ ಬರುತ್ತದೆ, ಬೋಟ್ ಬಹಳ ಗಟ್ಟಿ ಅಂತ ಸುಳ್ಳು ಧೈರ್ಯ ಬರುತ್ತದೆ.

ಒರಟು ಲೆಕ್ಕ ಹೀಗಿದೆ: ಇಂಥ ಬೋಟುಗಳಲ್ಲಿ ಒಂದು ಓಲಾಟಕ್ಕೆ ಹಿಡಿಯುವ ಸೆಕೆಂಡು, ಬೋಟಿನ ಅಗಲದ ಮೀಟರಿಗೆ ಹತ್ತಿರ ಹತ್ತಿರ ಸಮ ಇರಬೇಕು. 4.5 ಮೀಟರ್ ಅಗಲದ ಬೋಟಿಗೆ 4.5ರಿಂದ 5 ಸೆಕೆಂಡು ಅಂದರೆ ಸರಿ. 6 ದಾಟಿದರೆ ಕೂತು ಯೋಚಿಸಬೇಕು.

ಇನ್ನೂ ಸ್ವಲ್ಪ ಖಚಿತ ಬೇಕು ಅಂದರೆ ಜಿಎಂ ಲೆಕ್ಕ ಹಾಕಿ. ಬೋಟಿನ ಭಾರವೆಲ್ಲ ಸೇರಿ ಕೂತಿರುವ ಬಿಂದು ಜಿ. ಬೋಟ್ ಸ್ವಲ್ಪ ವಾಲಿದಾಗ ನೀರು ಮೇಲಕ್ಕೆ ತಳ್ಳುವ ಗೆರೆ ಬೋಟಿನ ನಡುಗೆರೆಯನ್ನು ಸಂಧಿಸುವ ಬಿಂದು ಎಂ. ಜಿಗಿಂತ ಎಂ ಎಷ್ಟು ಮೇಲಿದೆಯೋ ಅದೇ ಜಿಎಂ. ಅದು ಜಾಸ್ತಿ ಇದ್ದಷ್ಟೂ ಬೋಟ್ ಬೇಗ ಏಳುತ್ತದೆ. ಅಗಲವನ್ನು 0.8ರಿಂದ ಗುಣಿಸಿ, ಸಿಕ್ಕಿದ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 4.5 ಮೀಟರ್ ಅಗಲಕ್ಕೆ 4.5 ಸೆಕೆಂಡ್ ಬಂದರೆ ಜಿಎಂ 0.64 ಮೀಟರ್. 6 ಸೆಕೆಂಡ್ ಬಂದರೆ 0.36. ಸಮಯ ಒಂದೂವರೆ ಸೆಕೆಂಡ್ ಹೆಚ್ಚಾಗುವಷ್ಟರಲ್ಲಿ ಏಳುವ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ ನೋಡಿ. ಒಂದೇ ಡೆಕ್ಕಿನ ಮೀನುಗಾರಿಕೆ ಹಡಗುಗಳಿಗೆ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ನಿಯಮ ಕೇಳುವ ಕನಿಷ್ಠ ಜಿಎಂ 0.35 ಮೀಟರ್. ಯಾಟಿಗೆ ಆ ನಿಯಮ ನೇರವಾಗಿ ಅನ್ವಯ ಆಗದಿದ್ದರೂ ಒಂದು ಗಡಿಗೆರೆಯಾಗಿ ನೆನಪಿಟ್ಟುಕೊಳ್ಳಿ. 0.8 ಅನ್ನುವುದು ಸರಾಸರಿ ಅಂಕಿ, ಬೋಟಿನಿಂದ ಬೋಟಿಗೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಬೇರೆ ಬೋಟಿನ ಜೊತೆ ಹೋಲಿಸುವುದಕ್ಕಿಂತ, ಇದೇ ಬೋಟಿನ ಹಳೇ ಅಂಕಿ ಜೊತೆ ಹೋಲಿಸುವುದು ಹೆಚ್ಚು ಉಪಯೋಗ.

ಆ ಹಾರ್ಡ್‌ಟಾಪ್ ಹಾಕಿಸಿದ ಬೋಟಿನ ಅಗಲ 4.5 ಮೀಟರ್, ತೂಕ ಸುಮಾರು 30 ಟನ್. ಗಡಿಯಾರ ತೋರಿಸಿದ್ದು 6 ಸೆಕೆಂಡ್.

ಎರಡನೆಯದು: ಒಳಗೆ ನೀರಿದೆಯಾ?

ಮೇಲಿನ ಭಾರದ ಮೇಲೆ ಅನುಮಾನ ಬಂದರೂ ಮೊದಲು ನೀರನ್ನೇ ಹುಡುಕಿ. ಯಾಕೆಂದರೆ ನೀರು ಎರಡು ಕೆಟ್ಟ ಕೆಲಸ ಮಾಡುತ್ತದೆ. ಭಾರ ಹೇರುತ್ತದೆ, ಜೊತೆಗೆ ವಾಲಿದ ಕಡೆಗೇ ಓಡುತ್ತದೆ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿಕೊಂಡು ನಡೆದು ನೋಡಿ, ಚೊಂಬಿನಲ್ಲಿ ಅಷ್ಟೇ ನೀರು ತುಂಬಿಕೊಂಡು ನಡೆದು ನೋಡಿ. ತಟ್ಟೆ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಬೋಟಿನಲ್ಲೂ ಅಷ್ಟೆ. ಹೀಗೆ ಸಡಿಲವಾಗಿ ಓಡಾಡುವ ನೀರಿನ ಕಾಟವನ್ನು ಫ್ರೀ ಸರ್ಫೇಸ್ ಅನ್ನುತ್ತಾರೆ. ಅದು ನೀರು ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದನ್ನು ಅವಲಂಬಿಸಿದೆ. ಅಗಲ ಎರಡು ಪಟ್ಟಾದರೆ ಕಾಟ ಎಂಟು ಪಟ್ಟು.

ಲೆಕ್ಕ ಸುಲಭ. ನೀರು ನಿಂತ ಜಾಗದ ಉದ್ದವನ್ನು ಅಗಲದ ಘನದಿಂದ ಗುಣಿಸಿ, 12ರಿಂದ ಭಾಗಿಸಿ, ಆಮೇಲೆ ಬೋಟ್ ಪಕ್ಕಕ್ಕೆ ತಳ್ಳಿದ ನೀರಿನ ಘನ ಮೀಟರಿನಿಂದ ಭಾಗಿಸಿ. 30 ಟನ್ ಬೋಟಿಗೆ ಅದು ಸುಮಾರು 29 ಘನ ಮೀಟರ್. ಹಿಂದೆ ಸ್ಟೀರಿಂಗ್ ಗೇರ್ ಇರುವ ಲ್ಯಾಜರೆಟ್ 2 ಮೀಟರ್ ಉದ್ದ, 3 ಮೀಟರ್ ಅಗಲ ಅಂದುಕೊಳ್ಳಿ. ಅಲ್ಲಿ ನೀರು ಹರಡಿಕೊಂಡರೆ ಜಿಎಂನಲ್ಲಿ 15 ಸೆಂಟಿಮೀಟರ್ ಹೋಯಿತು.

ಲ್ಯಾಜರೆಟ್ ಮುಚ್ಚಳವನ್ನು ಯಾರೂ ಸುಮ್ನೆ ತೆಗೆದು ನೋಡುವುದಿಲ್ಲ, ಅದೇ ತೊಂದರೆ. ಆ ಹಾರ್ಡ್‌ಟಾಪ್ ಬೋಟಿನಲ್ಲೂ ಮುಚ್ಚಳದ ಮೇಲೆ ಹಗ್ಗದ ಸುರುಳಿ, ಅದರ ಮೇಲೆ ಎರಡು ಕುರ್ಚಿ. ತೆಗೆದು ಟಾರ್ಚ್ ಬಿಟ್ಟಾಗ ಮೊದಲು ಕಂಡದ್ದು ಬೆಳಕಿನದೇ ಪ್ರತಿಬಿಂಬ. ನೀರು ಅಷ್ಟು ತಿಳಿಯಾಗಿತ್ತು. ಒಂದು ಹಳೇ ಬ್ರಷ್ ನಿಧಾನಕ್ಕೆ ಎಡದಿಂದ ಬಲಕ್ಕೆ ತೇಲಿಕೊಂಡು ಹೋಯಿತು, ಬೋಟ್ ಮರಳಿದಾಗ ತಾನೂ ಮರಳಿತು. ಮುಚ್ಚಳದ ಸುತ್ತಲಿನ ರಬ್ಬರ್ ಒಂದು ಮೂಲೆಯಲ್ಲಿ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೆ ಮೇಲೇಳಲಿಲ್ಲ. ಪಂಪಿನ ಫ್ಲೋಟ್ ಸ್ವಿಚ್‌ಗೆ ಹಗ್ಗದ ನಾರು ಸುತ್ತಿಕೊಂಡು ಅದು ಏಳುತ್ತಲೇ ಇರಲಿಲ್ಲ.

ನೀರು ಸಿಕ್ಕರೆ, ಬಳಿದು ಹಾಕುವ ಮುಂಚೆ ಅದು ಎಲ್ಲಿಂದ ಬಂತು ಅಂತ ತಿಳಿಯಿರಿ. ಗಾಜಿನ ತುಂಡಿನ ಮೇಲೆ ಎರಡು ಹನಿ ಹಾಕಿ ಒಣಗಲು ಬಿಡಿ. ದಪ್ಪನೆ ಬಿಳಿ ಪುಡಿ ಉಳಿದರೆ ಸಮುದ್ರದ ನೀರು. ಆಗ ಪ್ರೊಪೆಲ್ಲರ್ ಶಾಫ್ಟಿನ ಸೀಲ್, ರಡ್ಡರ್ (ಚುಕ್ಕಾಣಿ) ದಂಡಿನ ಸುತ್ತ ನೀರು ತಡೆಯುವ ಗ್ಲ್ಯಾಂಡ್, ತಳದ ಕವಾಟಗಳು, ಎಂಜಿನ್ನಿನ ತಂಪು ನೀರಿನ ಹೋಸ್, ಒದ್ದೆ ಎಕ್ಸಾಸ್ಟ್ (ನೀರು ಬೆರೆಸಿ ಹೊಗೆ ಬಿಡುವ ಕೊಳವೆ) ಇವನ್ನು ನೋಡಿ. ಹೆಚ್ಚೇನೂ ಉಳಿಯದಿದ್ದರೆ ಮಳೆ ನೀರು ಅಥವಾ ಕುಡಿಯುವ ನೀರಿನ ಟ್ಯಾಂಕು. ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ: ಬಿಲ್ಜ್ ಪಂಪಿನ (ತಳದಲ್ಲಿ ಸೇರಿದ ನೀರು ಎತ್ತುವ ಪಂಪಿನ) ಹೊರಬಾಯಿ. ಅದು ನೀರಿನ ಮಟ್ಟಕ್ಕೆ ಹತ್ತಿರ ಇದ್ದು, ಹೋಸಿಗೆ ಎತ್ತರದ ಕುಣಿಕೆ ಇಲ್ಲದಿದ್ದರೆ, ಬೋಟ್ ವಾಲಿದಾಗ ಬಾಯಿ ಮುಳುಗಿ ನೀರು ಒಳಕ್ಕೇ ಹರಿಯುತ್ತದೆ. ನೀರು ಹೊರಹಾಕಲು ಇಟ್ಟ ದಾರಿಯೇ ನೀರು ತರುತ್ತದೆ.

ಅಡಗಿದ ನೀರು ಇನ್ನೂ ಇರುತ್ತದೆ. ಡೆಕ್ಕಿನ ಫೈಬರ್ ಪದರಗಳ ನಡುವಿನ ಬಾಲ್ಸಾ ಮರ ನೀರು ಕುಡಿದಿದ್ದರೆ ಆ ಭಾರವೆಲ್ಲ ಮೇಲೆಯೇ ಕೂತಿರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತ ಜಾಗ ದಬ್ ಅನ್ನುತ್ತದೆ.

ಟ್ಯಾಂಕುಗಳು

ಪೂರ್ತಿ ತುಂಬಿದ ಟ್ಯಾಂಕಿನಲ್ಲೂ ಪೂರ್ತಿ ಖಾಲಿ ಟ್ಯಾಂಕಿನಲ್ಲೂ ಫ್ರೀ ಸರ್ಫೇಸ್ ಇಲ್ಲ. ಅರೆಬರೆ ಇರುವ ಟ್ಯಾಂಕೇ ಕಾಟ ಕೊಡುವುದು. ಹಾಗಾಗಿ ಎಲ್ಲ ಟ್ಯಾಂಕಿನಿಂದಲೂ ಸ್ವಲ್ಪ ಸ್ವಲ್ಪ ಬಳಸುವುದಕ್ಕಿಂತ ಒಂದು ಜೋಡಿ ಮುಗಿಸಿ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು. ನಡುವೆ ಉದ್ದಕ್ಕೆ ಒಂದು ಸೋರದ ಗೋಡೆ ಇದ್ದರೆ ಕಾಟ ಕಾಲು ಭಾಗಕ್ಕೆ ಇಳಿಯುತ್ತದೆ. ತೂತಿರುವ ತಡೆ ಹಲಗೆ ಸದ್ದನ್ನೂ ರಭಸವನ್ನೂ ಕಡಿಮೆ ಮಾಡುತ್ತದೆ ಅಷ್ಟೆ. ಬೋಟ್ ನಿಧಾನಕ್ಕೆ ವಾಲಿದರೆ ಡೀಸೆಲ್ ಆ ತೂತುಗಳಿಂದಲೇ ದಾಟಿಕೊಳ್ಳುತ್ತದೆ.

ಎಡ ಬಲ ಟ್ಯಾಂಕುಗಳನ್ನು ಸೇರಿಸುವ ಪೈಪಿನ ವಾಲ್ವ್ ನೋಡಿ. ಅದು ತೆರೆದಿದ್ದರೆ ಎರಡು ಕಿರಿದಾದ ಟ್ಯಾಂಕುಗಳು ಸೇರಿ ಒಂದೇ ಅಗಲವಾದ ಟ್ಯಾಂಕಿನ ಹಾಗೆ ವರ್ತಿಸುತ್ತವೆ. ಲಕ್ಷಣ ಹೀಗೆ: ಪಕ್ಕದಿಂದ ಗಾಳಿ ಹೊಡೆಯುವಾಗ ಗಂಟೆ ಕಳೆದಂತೆ ವಾಲುವಿಕೆ ಹೆಚ್ಚುತ್ತಾ ಹೋಗುತ್ತದೆ, ಗಾಳಿ ನಿಂತರೂ ತಕ್ಷಣ ಸರಿಯಾಗುವುದಿಲ್ಲ. ಎಂಜಿನ್ನಿನಿಂದ ಮರಳುವ ಡೀಸೆಲ್ ಒಂದೇ ಟ್ಯಾಂಕಿಗೆ ಬೀಳುತ್ತಿದ್ದರೂ ಹೀಗೇ ಆಗುತ್ತದೆ. ಎರಡೂ ಬದಿಯ ಗೇಜ್ ನೋಡಿದರೆ ಗೊತ್ತಾಗುತ್ತದೆ.

ಮೇಲಿನ ಭಾರ

ನೀರೆಲ್ಲ ತೆಗೆದು, ಮುಚ್ಚಳದ ರಬ್ಬರ್ ಬದಲಿಸಿ ಮತ್ತೆ ಗಡಿಯಾರ ಹಿಡಿದೆವು. 5 ಸೆಕೆಂಡ್ ಬಂತು. ಲೆಕ್ಕ ಹೇಳಿದ 15 ಸೆಂಟಿಮೀಟರಿಗೆ ಸರಿಯಾಗಿ ಹೊಂದಿತು. ಅಲ್ಲಿಗೇ ಬಿಡಬಹುದಿತ್ತು, ಆದರೆ ಆ ದಿನ ಡೀಸೆಲ್ ಟ್ಯಾಂಕ್ ತಳಮಟ್ಟಕ್ಕೆ ಬಂದಿತ್ತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಾವ ಭಾರವಾದರೂ ಸರಿ, ಬೋಟಿನ ಭಾರಬಿಂದು ಜಿಗಿಂತ ಅದು ಎಷ್ಟು ಎತ್ತರದಲ್ಲಿದೆಯೋ ಅದರಿಂದ ಅದರ ತೂಕವನ್ನು ಗುಣಿಸಿ, ಬೋಟಿನ ಒಟ್ಟು ತೂಕದಿಂದ ಭಾಗಿಸಿ. 250 ಕಿಲೋ ಹಾರ್ಡ್‌ಟಾಪ್ ನಾಲ್ಕೂವರೆ ಮೀಟರ್ ಮೇಲೆ ಕೂತರೆ 30 ಟನ್ ಬೋಟಿನ ಜಿಎಂ ಸುಮಾರು 4 ಸೆಂಟಿಮೀಟರ್ ಇಳಿಯುತ್ತದೆ. ಡಿಂಗಿ (ಜೊತೆಗೆ ಒಯ್ಯುವ ಪುಟ್ಟ ದೋಣಿ) ಮತ್ತು ಅದನ್ನೆತ್ತುವ ಕ್ರೇನ್ ಸೇರಿ 300 ಕಿಲೋ, ನಾಲ್ಕು ಮೀಟರ್ ಮೇಲೆ ಇದ್ದರೆ ಇನ್ನೊಂದು 4. ಇವು ಕಣ್ಣಿಗೆ ಕಾಣುವ ಭಾರಗಳು. ಕಾಣದ್ದು ಡೀಸೆಲ್. ತಳದಲ್ಲಿದ್ದ 3 ಟನ್ ಡೀಸೆಲ್ ಉರಿದು ಹೋದರೆ, ಕೆಳಗಿನ ಭಾರ ಹೋದಂತಾಯಿತು. ಅದು ಭಾರಬಿಂದುವಿಗಿಂತ 80 ಸೆಂಟಿಮೀಟರ್ ಕೆಳಗಿತ್ತು ಅಂದರೆ, ಉಳಿದ 27 ಟನ್ನಿನಿಂದ ಭಾಗಿಸಿದಾಗ ಜಿಎಂ ಸುಮಾರು 9 ಸೆಂಟಿಮೀಟರ್ ಇಳಿಯುತ್ತದೆ. ಅದಕ್ಕೇ ಪಯಣದ ಕೊನೆಯ ದಿನ ಬೋಟ್ ಅತಿ ದುರ್ಬಲವಾಗಿರುತ್ತದೆ. ಪರೀಕ್ಷೆಯನ್ನು ಟ್ಯಾಂಕ್ ತುಂಬಿದಾಗ ಮಾತ್ರ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಒಟ್ಟು ಭಾರ ಏರಿದೆಯಾ ಅಂತ ತಿಳಿಯಲು ಅಳತೆ ಟೇಪು ಸಾಕು. ಡೆಕ್ಕಿನ ಅಂಚಿನಿಂದ ನೀರಿನವರೆಗೆ ನಾಲ್ಕು ಕಡೆ ಅಳೆಯಿರಿ: ಮುಂದೆ, ಹಿಂದೆ, ಎಡ, ಬಲ. ಹಳೇ ಅಳತೆ ಜೊತೆ ಹೋಲಿಸಿ. 12 ಮೀಟರ್ ನೀರುಗೆರೆ, 4.5 ಮೀಟರ್ ಅಗಲದ ಬೋಟ್ ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 400 ಕಿಲೋ ಏರಿದೆ ಅಂತ ಲೆಕ್ಕ. ಬೋಟಿನ ಹೊರಮೈ ಮೇಲೆ ನೀರಿನ ಮಟ್ಟಕ್ಕೆ ಬಳಿದ ಬಣ್ಣದ ಪಟ್ಟಿಯನ್ನು ನಂಬಬೇಡಿ. ಬೋಟ್ ಮುಳುಗಿದಂತೆಲ್ಲ ಆ ಪಟ್ಟಿಯನ್ನೂ ಮೇಲಕ್ಕೆ ಬಳಿಯುತ್ತಾ ಹೋಗುವುದು ಹಡಗುಕಟ್ಟೆಗಳಲ್ಲಿ ನಡೆಯುವ ಕೆಲಸವೇ.

ಮೇಲಿನ ಭಾರ ಏನು ಮಾಡಬಲ್ಲದು ಅನ್ನುವುದಕ್ಕೆ ಮನಸ್ಸಿಗೆ ನೋವಾಗುವ ಉದಾಹರಣೆ ಇದೆ. 1968ರ ಫೆಬ್ರವರಿಯಲ್ಲಿ ಐಸ್‌ಲ್ಯಾಂಡ್ ಕರಾವಳಿಯ ಬಿರುಗಾಳಿಯಲ್ಲಿ ರಾಸ್ ಕ್ಲೀವ್‌ಲ್ಯಾಂಡ್ ಅನ್ನುವ ಬ್ರಿಟಿಷ್ ಟ್ರಾಲರ್ ಮಗುಚಿತು. ಎರಚಿದ ನೀರು ಅದರ ಮೇಲ್ಭಾಗದಲ್ಲೆಲ್ಲ ಹೆಪ್ಪುಗಟ್ಟಿ ಮಂಜಾಗಿ ಕೂತಿತ್ತು. ಒಬ್ಬರು ಮಾತ್ರ ಬದುಕಿ ಬಂದರು.

ವಾಲಿಕೊಂಡೇ ನಿಂತರೆ, ಮುಟ್ಟುವ ಮುಂಚೆ ಯೋಚಿಸಿ

ಇದು ಅತಿ ಮುಖ್ಯ, ಆತುರದಲ್ಲಿ ತಪ್ಪಾಗುವ ಜಾಗವೂ ಇದೇ. ಬೋಟ್ ಒಂದು ಕಡೆ ವಾಲಿಕೊಂಡು ನಿಂತಿದೆ. ಕಾರಣ ಎರಡು ಇರಬಹುದು.

ಒಂದು, ಆ ಕಡೆ ಭಾರ ಜಾಸ್ತಿ ಇದೆ. ಆಗ ಅದು ಯಾವಾಗಲೂ ಅದೇ ಕಡೆಗೆ ವಾಲುತ್ತದೆ. ಓಲಾಟದ ಸಮಯ ಮಾಮೂಲಾಗಿಯೇ ಇರುತ್ತದೆ. ಭಾರವನ್ನು ಎದುರು ಬದಿಗೆ ಸರಿಸಿದರೆ ಸರಿಹೋಗುತ್ತದೆ.

ಎರಡು, ಬೋಟಿಗೆ ನೆಟ್ಟಗೆ ನಿಲ್ಲುವ ಶಕ್ತಿಯೇ ಹೋಗಿದೆ. ಜಿ ಬಿಂದು ಎಂಗಿಂತ ಮೇಲೆ ಹೋಗಿದೆ. ಆಗ ಬೋಟ್ ಒಂದು ಕಡೆ ಕೊಂಚ ವಾಲಿ ಅಲ್ಲಿ ಆಸರೆ ಕಂಡುಕೊಳ್ಳುತ್ತದೆ. ಒಂದು ಅಲೆ ಬಂದರೆ ಪಟಕ್ಕನೆ ಇನ್ನೊಂದು ಕಡೆಗೆ ಬಿದ್ದು ಅಲ್ಲೂ ಅಷ್ಟೇ ಕೋನದಲ್ಲಿ ನಿಲ್ಲುತ್ತದೆ. ಇದನ್ನು ಲಾಲ್ ಅನ್ನುತ್ತಾರೆ. ಈಗ ಎದ್ದ ಬದಿಗೆ ಭಾರ ಸರಿಸಿದಿರೋ, ಬೋಟ್ ಆ ಬದಿಗೆ ರಭಸದಿಂದ ಬೀಳುತ್ತದೆ, ಮೊದಲಿಗಿಂತ ಹೆಚ್ಚು ವಾಲುತ್ತದೆ, ಮಗುಚಲೂಬಹುದು. ಇಲ್ಲಿ ಮಾಡಬೇಕಾದ್ದು ಬೇರೆ. ಮೇಲಿನ ಡೆಕ್ಕಿನಲ್ಲಿರುವ ಜನರನ್ನು ಮೊದಲು ಕೆಳಗೆ ಕಳಿಸಿ, ಒಬ್ಬೊಬ್ಬರಾಗಿ, ನಡುಭಾಗದಿಂದ. ಡೆಕ್ಕಿನ ಮೇಲಿನ ನೀರು ಹೊರಗೆ ಹೋಗುವಂತೆ ಮಾಡಿ. ಒಳಗಿನ ನೀರು ಪಂಪ್ ಮಾಡಿ. ಟ್ಯಾಂಕುಗಳ ನಡುವಿನ ವಾಲ್ವ್ ಮುಚ್ಚಿ. ಮೇಲಿರುವ ಸಾಮಾನು ತಳಕ್ಕೆ ಇಳಿಸಿ. ಜೋರಾಗಿ ತಿರುಗಿಸಬೇಡಿ. ಅನುಮಾನ ಇದ್ದರೆ ಇದು ಲಾಲ್ ಅಂತಲೇ ತಿಳಿದು ನಡೆಯಿರಿ.

ಡೆಕ್ಕಿನ ನೀರು ಮತ್ತು ತೆರೆದ ಬಾಯಿಗಳು

ಹಿಂದಿನ ಕಾಕ್‌ಪಿಟ್ (ಸುತ್ತ ಗೋಡೆ ಇರುವ ತೆರೆದ ಡೆಕ್ಕು) 3 ಮೀಟರ್ ಉದ್ದ, 4 ಮೀಟರ್ ಅಗಲ ಇದ್ದು, ಅದರಲ್ಲಿ 20 ಸೆಂಟಿಮೀಟರ್ ನೀರು ನಿಂತರೆ ಸುಮಾರು ಎರಡೂವರೆ ಟನ್. ಅದು ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ಮೀನು ಹಿಡಿಯುವ ಟ್ರಾಲರ್‌ಗಳಲ್ಲಿ ಡೆಕ್ಕಿನ ಸುತ್ತುಗೋಡೆಗೆ ದೊಡ್ಡ ದೊಡ್ಡ ಕಂಡಿಗಳಿರುತ್ತವೆ. ಟ್ರಾಲರ್ ಅಂತ ಹೆಸರಿಟ್ಟುಕೊಂಡ ಎಷ್ಟೋ ಯಾಟುಗಳಲ್ಲಿ ಎರಡು ಬೆರಳು ತೂರುವಷ್ಟು ತೂತು ಮಾತ್ರ, ಅದಕ್ಕೂ ಚೆಂದದ ಜಾಲರಿ. ಕಾಕ್‌ಪಿಟ್ ತೂತುಗಳಿಗೆ ಬಟ್ಟೆ ತುರುಕಿ, ಹೋಸಿನಿಂದ ಒಂದೆರಡು ಇಂಚು ಮಾತ್ರ ನೀರು ನಿಲ್ಲಿಸಿ, ಬಟ್ಟೆ ತೆಗೆದು ಸಮಯ ನೋಡಿ. ನಿಮಿಷಗಟ್ಟಲೆ ಹಿಡಿದರೆ ಕಂಡಿ ದೊಡ್ಡದು ಮಾಡಿಸಬೇಕು.

ಆಮೇಲೆ ಬೋಟಿನ ಪಕ್ಕದಲ್ಲಿ ಡಿಂಗಿಯಲ್ಲಿ ಕೂತು, ಬೋಟ್ 40 ಡಿಗ್ರಿ ವಾಲಿದರೆ ಯಾವ ಬಾಯಿ ಮೊದಲು ನೀರಿಗೆ ತಾಗುತ್ತದೆ ಅಂತ ನೋಡಿ. ಎಂಜಿನ್ ಕೋಣೆಯ ಗಾಳಿ ಜಾಲರಿ, ಪಕ್ಕದ ಬಾಗಿಲು, ಜಾರು ಕಿಟಕಿ. ಆ ಬಾಯಿ ಮುಳುಗುವ ಕೋನ ದಾಟಿದ ಮೇಲೆ ಕಾಗದದ ಮೇಲಿನ ಸ್ಥಿರತೆಗೆ ಬೆಲೆ ಇಲ್ಲ. ಬಾಗಿಲು ನಡುಗೆರೆಯಲ್ಲಿದ್ದಷ್ಟೂ, ಗಾಳಿಬಾಯಿ ಎತ್ತರದಲ್ಲಿದ್ದಷ್ಟೂ ಒಳ್ಳೆ ವಿನ್ಯಾಸ. ಗಾಲ್ ಅನ್ನುವ ಟ್ರಾಲರ್ 1974ರಲ್ಲಿ ಬ್ಯಾರೆಂಟ್ಸ್ ಸಮುದ್ರದಲ್ಲಿ 36 ಜನರೊಂದಿಗೆ ಮುಳುಗಿತು. 2004ರ ಮರುವಿಚಾರಣೆ ಬೊಟ್ಟು ಮಾಡಿದ್ದು ತ್ಯಾಜ್ಯ ಹೊರಹಾಕುವ ಕೊಳವೆಗಳ ತೆರೆದ ಮುಚ್ಚಳಗಳ ಕಡೆಗೆ. ಅದು ಯಾಟಿಗಿಂತ ಎಷ್ಟೋ ದೊಡ್ಡ ಹಡಗು.

ಬೋಟ್ ಎಂಥ ಗಾಳಿ ಅಲೆಗೆ ತಕ್ಕದ್ದು ಅಂತ ಹೇಳುವ ಯೂರೋಪಿನ ಎ, ಬಿ, ಸಿ, ಡಿ ವರ್ಗದ ಫಲಕ ಇದ್ದರೆ ಓದಿ. ಬಿ ವರ್ಗ ಅಂದರೆ ಬೋಫರ್ಟ್ ಗಾಳಿ ಅಳತೆಯ 8ನೇ ಬಲದ ಗಾಳಿ, 4 ಮೀಟರ್ ಅಲೆಯವರೆಗೆ. ಸಿ ಅಂದರೆ 6ನೇ ಬಲ, 2 ಮೀಟರ್. ಆದರೆ ಆ ಫಲಕ ಬೋಟ್ ಕಾರ್ಖಾನೆ ಬಿಟ್ಟ ದಿನದ್ದು. ಆಮೇಲೆ ಹಾಕಿಸಿದ ಹಾರ್ಡ್‌ಟಾಪ್ ಅದಕ್ಕೆ ಗೊತ್ತಿಲ್ಲ.

ಬೇರೆ ಲಕ್ಷಣಗಳು

ಓಲಾಟ ಅತಿ ಚುರುಕಾಗಿದ್ದು ಮೈಕೈ ನೋಯುತ್ತಿದ್ದರೆ ಅದು ಮಗುಚುವ ದೋಷ ಅಲ್ಲ. ಬಿಲ್ಜ್ ಕೀಲ್ (ತಳದ ಎರಡೂ ಬದಿಗೆ ಉದ್ದಕ್ಕೆ ಕೂರಿಸುವ ಪಟ್ಟಿ), ಪ್ಯಾರವೇನ್ ಅಥವಾ ರೆಕ್ಕೆ ಹಾಕಿಸಿ. ಮೇಲೆ ಭಾರ ಹೇರಿ ನಿಧಾನ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಹಿಂದಿನಿಂದ ಅಲೆ ಬಂದಾಗ ಬೋಟ್ ಅಡ್ಡ ತಿರುಗಲು ನೋಡಿದರೆ ಮೊದಲು ಸ್ಟೀರಿಂಗ್ ಚಕ್ರ ತಿರುಗಿಸಿ ನೋಡಿ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಹೈಡ್ರಾಲಿಕ್ ಎಣ್ಣೆಯಲ್ಲಿ ಗಾಳಿ ಸೇರಿದೆ. ಅದು ಸರಿ ಇದ್ದರೆ ರಡ್ಡರ್ ಚಿಕ್ಕದಿದೆಯಾ, ಮುಂಭಾಗದಲ್ಲಿ ಭಾರ ಜಾಸ್ತಿ ಆಗಿ ಮೂತಿ ಕಚ್ಚುತ್ತಿದೆಯಾ ಅಂತ ನೋಡಬೇಕು. ಆ ಹೊತ್ತಿಗೆ ಮಾಡಬಹುದಾದ್ದು ವೇಗ ಇಳಿಸುವುದು, ಅಲೆಯ ಜೊತೆ ಜಾರದಿರುವುದು.

ನೀರು ತೆಗೆದು, ಟ್ಯಾಂಕ್ ನೋಡಿ, ಮೇಲಿನದ್ದು ಇಳಿಸಿದ ಮೇಲೂ ಸಮಯ ಅಗಲದ ಅಂಕಿಗಿಂತ ಮೂರನೇ ಒಂದು ಭಾಗ ಹೆಚ್ಚಿದ್ದರೆ ಬೋಟ್ ಕಟ್ಟಿ ಹಾಕಿ, ನೇವಲ್ ಆರ್ಕಿಟೆಕ್ಟ್ (ಹಡಗು ವಿನ್ಯಾಸದ ತಜ್ಞ) ಕರೆಸಿ. ಅವರು ಗೊತ್ತಿರುವ ತೂಕಗಳನ್ನು ಡೆಕ್ಕಿನ ಮೇಲೆ ಆ ಕಡೆ ಈ ಕಡೆ ಸರಿಸಿ, ತೂಗುಬಿಟ್ಟ ದಾರದಿಂದ ಕೋನ ಅಳೆದು ನಿಖರವಾದ ಜಿಎಂ ಕೊಡುತ್ತಾರೆ. ಸ್ಟಾಪ್‌ವಾಚ್ ಅದಕ್ಕೆ ಬದಲಿ ಅಲ್ಲ.

ಆ ಮಾಲೀಕರು ಹಾರ್ಡ್‌ಟಾಪ್ ತೆಗೆಸಲಿಲ್ಲ. ಅದರ ಬದಲು ಮೇಲಿದ್ದ ಡಿಂಗಿಯನ್ನು ಹಿಂದಿನ ಕೆಳಡೆಕ್ಕಿಗೆ ತಂದು, ಕ್ರೇನ್ ಬಿಚ್ಚಿಸಿದರು. ಡೀಸೆಲ್ ತುಂಬಿಸಿ ಅಳೆದಾಗ 4.6 ಸೆಕೆಂಡ್ ಬಂತು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಇನ್ನೊಮ್ಮೆ ಅಳೆದರು, 4.8. ಎರಡನ್ನೂ ದಿನಾಂಕದ ಸಮೇತ ಬರೆದು ಸ್ಟೀರಿಂಗ್ ಚಕ್ರದ ಪಕ್ಕ ಅಂಟಿಸಿದ್ದಾರೆ. ಅದರ ಕೆಳಗೆ ಮುಂದಿನ ಅಳತೆಗೆ ಜಾಗ ಬಿಟ್ಟಿದ್ದಾರೆ.